ಮನೆ ಮುಂದಿನ ರಸ್ತೆ ಯಾರದ್ದು? ವಾಹನ ನಿಲುಗಡೆ ಕುರಿತ ಓದುಗರ ಪ್ರಶ್ನೆಗಳು

ಪ್ರಶ್ನೆ: ಪಕ್ಕದ ಬೀದಿಯವರು ದಿನವೂ ನಮ್ಮ ಮನೆ ಮುಂದೆ ಕಾರು ನಿಲ್ಲಿಸಿ ಹೋಗುತ್ತಾರೆ. ಬೋರ್ಡು ತೂಗುಹಾಕಿ, ಹೂಕುಂಡ ಇಟ್ಟು ನೋಡಿದ್ದಾಯಿತು. ನಮ್ಮ ಮನೆ ಮುಂದಿನ ಜಾಗದ ಮೇಲೆ ನಮಗೆ ಹಕ್ಕಿಲ್ಲವೇ?

ಉತ್ತರ: ಗೇಟಿನ ಮುಂದೆಯೋ, ಕಾಂಪೌಂಡ್ ಪಕ್ಕದಲ್ಲೋ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಗೇಟಿಗೆ ಅಡ್ಡ ನಿಲ್ಲಿಸುವುದು ಖಂಡಿತ ತಪ್ಪು. ಮೋಟಾರು ವಾಹನ ಚಾಲನೆಗೆ ಸಂಬಂಧಿಸಿದ 2017ರ ಕೇಂದ್ರ ನಿಯಮಗಳು ಇದನ್ನು ನಿಷೇಧಿಸಿವೆ; ಫುಟ್‌ಪಾತ್ ಮೇಲೆ, ನಿಂತ ವಾಹನದ ಪಕ್ಕ ಎರಡನೇ ಸಾಲಿನಲ್ಲಿ ನಿಲ್ಲಿಸುವುದಕ್ಕೂ ಅಷ್ಟೇ. ಆದರೆ ಕಾಂಪೌಂಡ್ ಗೋಡೆಯಾಚೆಗಿನ ರಸ್ತೆ ಸಾರ್ವಜನಿಕರದ್ದು. ನಿಷೇಧದ ಫಲಕ ಇಲ್ಲದಿದ್ದರೆ, ಓಡಾಟಕ್ಕೆ ಅಡ್ಡಿಯಾಗದಂತೆ ಅಲ್ಲಿ ಯಾರು ಬೇಕಾದರೂ ನಿಲ್ಲಿಸಬಹುದು. ಎಷ್ಟು ವರ್ಷ ಅಲ್ಲಿ ನಿಮ್ಮ ಕಾರೇ ನಿಂತಿದ್ದರೂ ಅದು ನಿಮ್ಮ ಜಾಗವಾಗುವುದಿಲ್ಲ.

ನೀವೇ ಬರೆಸಿದ ‘ನೋ ಪಾರ್ಕಿಂಗ್’ ಬೋರ್ಡು ಒಂದು ವಿನಂತಿ, ಅಷ್ಟೇ. ಮೋಟಾರು ವಾಹನ ಕಾಯ್ದೆಯ 116ನೇ ಕಲಮಿನಂತೆ ಸಂಚಾರ ಫಲಕ ಹಾಕುವ ಅಧಿಕಾರ ಸರ್ಕಾರಕ್ಕೆ ಮತ್ತು ಅದು ಅಧಿಕಾರ ಕೊಟ್ಟವರಿಗೆ ಮಾತ್ರ. ಹೂಕುಂಡಗಳನ್ನು ಇಂದೇ ಒಳಗಿಡಿ. ರಾತ್ರಿ ಬೈಕಿನವರು ಯಾರಾದರೂ ಎಡವಿ ಬಿದ್ದರೆ ಹೊಣೆ ನಿಮ್ಮ ತಲೆಗೆ ಬರುತ್ತದೆ.

ಗೇಟು ಕಟ್ಟಿಹೋಗಿದ್ದರೆ ಗೇಟು, ಕಾರು, ನಂಬರ್ ಪ್ಲೇಟು ಮೂರೂ ಒಂದೇ ಫೋಟೊದಲ್ಲಿ ಬರುವಂತೆ ತೆಗೆದುಕೊಳ್ಳಿ. ನಂಬರ್ ಪ್ಲೇಟು ಮಾತ್ರ ಇರುವ ಫೋಟೊ ಕಾರು ಎಲ್ಲಿ ನಿಂತಿತ್ತೆಂದು ಹೇಳುವುದಿಲ್ಲ. ಆಮೇಲೆ ಸಂಚಾರ ಪೊಲೀಸರಿಗೆ, ತುರ್ತಿದ್ದರೆ 112ಕ್ಕೆ ಕರೆ ಮಾಡಿ. 177ನೇ ಕಲಮಿನಡಿ ಮೊದಲ ಸಲ 500, ಮರುಕಳಿಸಿದರೆ 1,500 ರೂಪಾಯಿವರೆಗೆ ದಂಡವಿದೆ. ಎಳೆದೊಯ್ದ ಖರ್ಚು ಬೇರೆ, ಅದನ್ನೂ ಮಾಲೀಕರೇ ತೆರಬೇಕು. ಸಿಟ್ಟಿನಲ್ಲಿ ಟೈರಿನ ಗಾಳಿ ಬಿಡಬೇಡಿ, ಗೀರು ಹಾಕಬೇಡಿ. ದೂರು ಕೊಡಬೇಕಾದ ನೀವೇ ಆರೋಪಿಯಾಗುತ್ತೀರಿ.

ಎದುರು ಬದಿಯಲ್ಲಿ ನಿಂತ ಕಾರಿನಿಂದಲೂ ಇಷ್ಟೇ ತೊಂದರೆಯಾಗುವುದುಂಟು, ಇದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. 20 ಅಡಿ ರಸ್ತೆಯಲ್ಲಿ ಎದುರು ಕಾರು 6 ಅಡಿ ಹಿಡಿದರೆ ಉಳಿಯುವುದು 14 ಅಡಿ. ಗೇಟಿನಿಂದ ಒಂದೇ ಸಲಕ್ಕೆ ತಿರುಗಿಸಿಕೊಂಡು ಹೊರಬರಲು ಸುಮಾರು 20 ಅಡಿ ಬೇಕು. ಇಂಥ ಬೀದಿಗೆ ಒಂದೇ ಬದಿ ನಿಲುಗಡೆಯೇ ಸರಿಯಾದ ದಾರಿ. ನಿವಾಸಿಗಳೆಲ್ಲ ಸಹಿ ಹಾಕಿ ಸಂಚಾರ ಪೊಲೀಸರಿಗೂ ಸ್ಥಳೀಯ ಸಂಸ್ಥೆಗೂ ಮನವಿ ಕೊಡಿ, ರಸ್ತೆಯ ಅಗಲ ಅಳೆದು ಬರೆದಿರಲಿ.

ಪ್ರಶ್ನೆ: ದುಂಡಗಿನ ನೀಲಿ ಫಲಕದ ಮೇಲೆ ಕೆಲವೆಡೆ ಒಂದು ಕೆಂಪು ಗೆರೆ, ಕೆಲವೆಡೆ ಎರಡು. ವ್ಯತ್ಯಾಸವೇನು?

ಉತ್ತರ: ಒಂದು ಓರೆಗೆರೆ ಇದ್ದರೆ ವಾಹನ ನಿಲುಗಡೆ ಇಲ್ಲ; ಜನರನ್ನು ಇಳಿಸಿ ಕೂಡಲೇ ಹೊರಡಬಹುದು. ಎರಡು ಗೆರೆ ಅಡ್ಡಡ್ಡ ಹಾಯ್ದಿದ್ದರೆ ಕ್ಷಣಕಾಲವೂ ನಿಲ್ಲಿಸುವಂತಿಲ್ಲ. ಕೆಳಗಿನ ಚಿಕ್ಕ ಫಲಕದಲ್ಲಿ ಸಮಯ, ಬಾಣದ ಗುರುತು ಇದ್ದರೆ ಅದನ್ನೂ ಓದಿ.

ಪ್ರಶ್ನೆ: ಫ್ಲ್ಯಾಟಿನ ಜತೆ ಸ್ಟಿಲ್ಟ್ ಪಾರ್ಕಿಂಗ್, ಅಂದರೆ ಕಟ್ಟಡದ ಕೆಳಗೆ ಕಂಬಗಳ ನಡುವಿನ ನಿಲುಗಡೆ ಜಾಗವನ್ನೂ ಬಿಲ್ಡರ್ ‘ಮಾರಿದ್ದಾರೆ’. ಈಗ ಸಂಘದವರು ಜಾಗ ಮರುಹಂಚಿಕೆ ಮಾಡುತ್ತೇವೆ ಎನ್ನುತ್ತಿದ್ದಾರೆ.

ಉತ್ತರ: ಸ್ಟಿಲ್ಟ್ ಜಾಗ ಗ್ಯಾರೇಜ್ ಅಲ್ಲ, ಅದನ್ನು ಬಿಲ್ಡರ್ ಪ್ರತ್ಯೇಕ ಆಸ್ತಿಯಂತೆ ಮಾರುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2010ರ ಆಗಸ್ಟ್‌ನಲ್ಲಿ, ಮಹಾರಾಷ್ಟ್ರದ ಪ್ರಕರಣವೊಂದರಲ್ಲಿ ಹೇಳಿದೆ. 2016ರ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆಯೂ ತೆರೆದ ನಿಲುಗಡೆ ಜಾಗವನ್ನು ಸಾಮಾನ್ಯ ಪ್ರದೇಶಕ್ಕೆ ಸೇರಿಸಿದೆ. ಚಾವಣಿ ಹಾಗೂ ಮೂರು ಕಡೆ ಗೋಡೆ ಇದ್ದರಷ್ಟೇ ಅದರ ಪ್ರಕಾರ ಗ್ಯಾರೇಜ್. ಹಾಗೆಂದು ಸಂಘದ ಪದಾಧಿಕಾರಿಗಳು ತಮ್ಮಷ್ಟಕ್ಕೆ ಜಾಗ ಬದಲಿಸುವುದೂ ಸರಿಯಲ್ಲ, ಸಂಘದ ಬೈಲಾ ನೋಡಿ, ಸರ್ವಸದಸ್ಯರ ಸಭೆಯಲ್ಲಿ ವಿಷಯ ಇಡಿಸಿ. ಅದಕ್ಕೆ ಮುಂಚೆ ಮಂಜೂರಾದ ನಕ್ಷೆಯ ಪ್ರತಿ ತರಿಸಿಕೊಳ್ಳಿ. ನಕ್ಷೆಯಲ್ಲಿ ಎಷ್ಟು ಕಾರಿಗೆ ಜಾಗವಿದೆ, ನೆಲದ ಮೇಲೆ ಎಷ್ಟು ಗೆರೆ ಎಳೆದಿದ್ದಾರೆ, ಎಣಿಸಿ. ಒಂದು ಕಾರಿಗೆ ಸಾಮಾನ್ಯವಾಗಿ 2.5 ಮೀಟರ್ ಅಗಲ, 5 ಮೀಟರ್ ಉದ್ದ ಬೇಕು. ಎರಡು ಕಂಬದ ನಡುವೆ ಇದಕ್ಕಿಂತ ಕಡಿಮೆ ಇದ್ದರೆ ಕಾರು ನಿಲ್ಲಿಸಬಹುದು, ಬಾಗಿಲು ತೆಗೆದು ಇಳಿಯಲಾಗದು. ಜಗಳ ಹುಟ್ಟುವುದು ಹೆಚ್ಚಾಗಿ ಇಂಥ ಜಾಗಗಳನ್ನೂ ಲೆಕ್ಕಕ್ಕೆ ಸೇರಿಸಿದಾಗ.