ಗೆಳತಿಯರದ್ದೆಲ್ಲ ಬಂತು, ನನ್ನದೊಂದೇ ಬಾಕಿ

ಪ್ರಶ್ನೆ: ಕಾಲೇಜು ಪ್ರವೇಶ ಪರೀಕ್ಷೆ ಬರೆದು ಐದು ವಾರ ಆಯ್ತು. ಜೊತೆಗೆ ಬರೆದವರಿಗೆಲ್ಲ ಅಂಕ ಬಂದಿದೆ, ನನ್ನ ಹೆಸರಿನ ಮುಂದೆ ಮಾತ್ರ 'ಪೆಂಡಿಂಗ್' ಅಂತಲೇ ಇದೆ. ಅರ್ಜಿ ಹಾಕಲು ಇನ್ನು ಹತ್ತೇ ದಿನ. ಕಾಪಿ ಹೊಡೆದಿದ್ದೇನೆ ಅಂತ ಅನುಮಾನ ಬಂದಿರಬಹುದಾ? ರಾತ್ರಿ ಎರಡು ಗಂಟೆಗೂ ಎದ್ದು ಫೋನ್ ನೋಡುತ್ತೇನೆ.

ಉತ್ತರ: ಫೋನ್ ಕೈಯಲ್ಲೇ ಇದೆ ಅಲ್ವಾ, ಅದರಲ್ಲೇ ಇವತ್ತು ಕಾಲೇಜಿನ ಪ್ರವೇಶ ವಿಭಾಗಕ್ಕೆ ಒಂದು ಮೇಲ್ ಹಾಕಿ. ಪರೀಕ್ಷೆ ಬರೆದ ದಿನ, ನೋಂದಣಿ ಸಂಖ್ಯೆ, ಅಂಕ ಇನ್ನೂ ಬಂದಿಲ್ಲ ಅನ್ನೋ ವಿಷಯ, ಕೊನೆ ದಿನ ದಾಟಿ ಬಂದರೆ ತೆಗೆದುಕೊಳ್ಳುತ್ತೀರಾ ಅನ್ನೋ ಪ್ರಶ್ನೆ. ಇಷ್ಟೇ ಸಾಕು, ಕಷ್ಟಸುಖ ಬೇಡ. ಹಾಲ್ ಟಿಕೆಟ್ ಮತ್ತು ಆ 'ಪೆಂಡಿಂಗ್' ಪುಟದ ಸ್ಕ್ರೀನ್‌ಶಾಟ್ ಜೊತೆಗಿರಲಿ. ಅಂಕ ಬರಲಿ ಆಮೇಲೆ ನೋಡೋಣ ಅಂತ ಕೂರಬೇಡಿ, ಅರ್ಜಿಯ ಉಳಿದ ಭಾಗ ತುಂಬಿಡಿ. ಪರೀಕ್ಷೆ ನಡೆಸಿದವರಿಗೂ ಬರೆಯಿರಿ. ಅವರ ಮೇಲ್ ನಿಮ್ಮ ಸ್ಪ್ಯಾಮ್‌ನಲ್ಲಿ ಬಿದ್ದಿದೆಯಾ ಅಂತಲೂ ನೋಡಿ, ಎಷ್ಟೋ ಸಲ ಅವರು ಏನೋ ದಾಖಲೆ ಕೇಳಿರುತ್ತಾರೆ, ನಮಗೆ ಗೊತ್ತೇ ಇರುವುದಿಲ್ಲ.

ಇನ್ನು ಅನುಮಾನದ ಮಾತು. ಎಲ್ಲರ ಫಲಿತಾಂಶವೂ ತಡವಾದರೆ ಕಾರಣ ಬೇರೆ: ಬೇರೆ ಬೇರೆ ದಿನದ ಪ್ರಶ್ನೆಪತ್ರಿಕೆಗಳು ಒಂದೇ ಸಮ ಕಷ್ಟ ಇರುವುದಿಲ್ಲ, ಅದನ್ನು ಲೆಕ್ಕ ಹಾಕಿ ಸರಿದೂಗಿಸಬೇಕು, ತಪ್ಪು ಪ್ರಶ್ನೆ ಇದ್ದರೆ ಕೈಬಿಡಬೇಕು. ಒಬ್ಬರದ್ದೇ ನಿಂತಿದ್ದರೆ ಹೆಸರು, ಹುಟ್ಟಿದ ದಿನ, ನೋಂದಣಿ ಸಂಖ್ಯೆ ಎಲ್ಲೋ ತಾಳೆಯಾಗದೆ ಇರಬಹುದು. ನನಗೆ ಆಗಿದ್ದೂ ಅದೇ. ಓಎಂಆರ್ ಹಾಳೆಯಲ್ಲಿ ಮೇಲಿನ ಚೌಕದಲ್ಲಿ 1 ಅಂತ ಬರೆದು, ಕೆಳಗೆ 7ರ ವೃತ್ತ ತುಂಬಿದ್ದೆ. ಕೈ ನಡುಗುತ್ತಿತ್ತು, ಪೆನ್ಸಿಲ್ ಮೊನೆ ಎರಡು ಸಲ ಮುರಿದಿತ್ತು. ಮೂರು ವಾರ ಆ ಹಾಳೆ ಯಾರದ್ದೂ ಅಲ್ಲದೆ ಬಿದ್ದಿತ್ತು.

ಪರಿಶೀಲನೆಗೆ ಎತ್ತಿಟ್ಟಿದ್ದರೂ ನೀವು ತಪ್ಪು ಮಾಡಿದ್ದೀರಿ ಅಂತಲ್ಲ. 2014ರ ಅಕ್ಟೋಬರ್‌ನಲ್ಲಿ ಎಸ್‌ಎಟಿ (ಅಮೆರಿಕದ ಕಾಲೇಜು ಪ್ರವೇಶಕ್ಕೆ ಬರೆಯುವ ಪರೀಕ್ಷೆ) ಬರೆದ ದಕ್ಷಿಣ ಕೊರಿಯಾ ಮತ್ತು ಚೀನಾದ ವಿದ್ಯಾರ್ಥಿಗಳ ಅಂಕಗಳನ್ನು ಪ್ರಶ್ನೆ ಸೋರಿಕೆಯ ಅನುಮಾನದ ಮೇಲೆ ತಡೆಹಿಡಿದಿದ್ದರು. ತಪ್ಪು ಮಾಡದವರೂ ಕಾಯಬೇಕಾಯ್ತು. ಬೇಗ ಬಂದದ್ದೆಲ್ಲ ಸರಿ ಅಂತಲೂ ಅಲ್ಲ ಬಿಡಿ. ಅದೇ ಎಸ್‌ಎಟಿಯಲ್ಲಿ 2005ರ ಅಕ್ಟೋಬರ್‌ನ ಉತ್ತರ ಹಾಳೆಗಳು ತೇವಕ್ಕೆ ಉಬ್ಬಿ, ಸ್ಕ್ಯಾನರ್ ಗುರುತುಗಳನ್ನು ತಪ್ಪಾಗಿ ಓದಿ, ನಾಲ್ಕು ಸಾವಿರಕ್ಕೂ ಜಾಸ್ತಿ ಜನರಿಗೆ ಕಡಿಮೆ ಅಂಕ ಹೋಗಿತ್ತು. ವಿಷಯ ಹೊರಗೆ ಬಂದಿದ್ದು 2006ರ ಮಾರ್ಚ್‌ನಲ್ಲಿ!

'ಬೇಗ ಬಿಡಿಸಿಕೊಡ್ತೀವಿ' ಅಂತ ದುಡ್ಡು, ಪಾಸ್‌ವರ್ಡ್ ಕೇಳುವವರು ಈ ಸಮಯಕ್ಕೇ ಕಾಯುತ್ತಿರುತ್ತಾರೆ. ಬ್ಲಾಕ್ ಮಾಡಿ. ಫಲಿತಾಂಶದ ಪುಟ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ನೋಡಿ. ರಾತ್ರಿ ಫೋನ್ ಬೇರೆ ಕೋಣೆಯಲ್ಲಿರಲಿ.

ಪ್ರಶ್ನೆ: ಮಗನ ಅಂಕವೂ ಹೀಗೇ ತಡವಾಗಿದೆ. 'ಬಂತಾ?' ಅಂದರೆ ಸಾಕು, ಬಾಗಿಲು ಹಾಕಿಕೊಳ್ಳುತ್ತಾನೆ. ಅಪ್ಪನಾಗಿ ಕೇಳದೆ ಹೇಗಿರಲಿ?

ಉತ್ತರ: ಬಂದರೆ ಅವನೇ ಓಡಿ ಬಂದು ಹೇಳ್ತಾನೆ ಸ್ವಾಮಿ. 'ಕಾಲೇಜಿಗೆ ಮೇಲ್ ಹಾಕಿದ್ಯಾ?' ಅಂತ ಒಂದೇ ಸಲ ಕೇಳಿ. ಸಂಬಂಧಿಕರು ಫೋನ್ ಮಾಡಿದಾಗ ಮಾತ್ರ ಅವನ ಕೈಗೆ ಕೊಡಬೇಡಿ, ನೀವೇ ಏನಾದರೂ ಹೇಳಿ ಇಟ್ಟುಬಿಡಿ.