ಊರು ಬದಲಾದರೆ ತೂಕವೂ ಬದಲಾಗುತ್ತದೆಯೇ?

ಹೌದು, ಬಹಳಷ್ಟು ಜನರಿಗೆ ಬದಲಾಗುತ್ತದೆ. ಆದರೆ ಅದು ನೀರು-ಗಾಳಿಯ ಮಹಿಮೆಯಲ್ಲ. ದಿನಾ ಎಷ್ಟು ನಡೆಯಬೇಕಾಗುತ್ತದೆ, ಕೈಗೆ ಯಾವ ತಿಂಡಿ ಸುಲಭವಾಗಿ ಸಿಗುತ್ತದೆ ಎಂಬುದರ ಮೇಲೆ ನಿಂತಿದೆ.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಗರದ ಹೆಂಗಸರಲ್ಲಿ ಶೇ 33 ಮಂದಿಗೆ ಅಧಿಕ ತೂಕ, ಹಳ್ಳಿಗಳಲ್ಲಿ ಶೇ 20. ನಗರದಲ್ಲಿ ದುಡ್ಡಿರುವವರು ಹೆಚ್ಚು, ಅದಕ್ಕೇ ಹೀಗಲ್ಲವೇ ಎಂದರೆ, ಆ ಅನುಮಾನ ನ್ಯಾಯವೇ. ಅದನ್ನು ಒರೆಗೆ ಹಚ್ಚಿದ್ದು ಅಮೆರಿಕದ ಒಂದು ಪ್ರಯೋಗ. 1994–98ರಲ್ಲಿ ಚಿಕಾಗೊ, ಬಾಸ್ಟನ್ ಸೇರಿ ಐದು ನಗರಗಳ ಬಡ ಕುಟುಂಬಗಳಲ್ಲಿ ಚೀಟಿ ಎತ್ತಿದಂತೆ ಕೆಲವರನ್ನು ಆರಿಸಿ, ಬಡತನ ಕಡಿಮೆಯಿರುವ ಬಡಾವಣೆಗೆ ಹೋಗಲು ಬಾಡಿಗೆ ನೆರವು ಕೊಟ್ಟರು. 10–15 ವರ್ಷದ ಬಳಿಕ, ಅವಕಾಶ ಸಿಗದವರಿಗಿಂತ ಆ ಮನೆಗಳ ಹೆಂಗಸರಲ್ಲಿ ತೀವ್ರ ಬೊಜ್ಜಿನವರು (ಎತ್ತರಕ್ಕೆ ಹೋಲಿಸಿ ತೂಕ ಅಳೆಯುವ ಬಿಎಂಐ 35 ಅಥವಾ ಹೆಚ್ಚು) ನೂರಕ್ಕೆ ಸುಮಾರು ನಾಲ್ಕೂವರೆ ಮಂದಿಯಷ್ಟು ಕಡಿಮೆಯಿದ್ದರು. ಎರಡೂ ಗುಂಪು ಬಡವರದೇ, ಆರಿಸಿದ್ದು ಚೀಟಿ ಎತ್ತಿದಂತೆ; ಆದ್ದರಿಂದ ಈ ವ್ಯತ್ಯಾಸ ದುಡ್ಡಿನದಲ್ಲ, ಜಾಗದ್ದು.

ಲೆಕ್ಕ ಸಣ್ಣದು. 60 ಕೆ.ಜಿ. ತೂಗುವವರಿಗೆ ಅರ್ಧ ಗಂಟೆಯ ನಡಿಗೆ ತಪ್ಪಿದರೆ ಸುಮಾರು 75 ಕ್ಯಾಲೊರಿ ಉಳಿಯುತ್ತದೆ. ಬೇಕರಿಯ ಒಂದು ಪಫ್ಸ್ ಸೇರಿದರೆ ಇನ್ನೂ 250ರಷ್ಟು. ಒಂದು ಕೆ.ಜಿ. ಕೊಬ್ಬೆಂದರೆ 7,700 ಕ್ಯಾಲೊರಿ, ಅಂದರೆ ದಿನಾ ಹೀಗೇ ಆದರೆ ಮೊದಮೊದಲು ತಿಂಗಳೊಳಗೇ ಒಂದು ಕೆ.ಜಿ. ಏರಬಹುದು. ಮೈ ಭಾರವಾದಷ್ಟೂ ಖರ್ಚೂ ಹೆಚ್ಚುವುದರಿಂದ ಏರಿಕೆ ಆಮೇಲೆ ನಿಧಾನವಾಗುತ್ತದೆ.

ಮನೆ ಹುಡುಕುವಾಗ ತರಕಾರಿ ಅಂಗಡಿ, ಬಸ್‌ಸ್ಟಾಪು ನಡೆದು ಹೋಗುವಷ್ಟು ದೂರದಲ್ಲಿವೆಯೇ ನೋಡಿ. ಆದರೆ ಊಟ ತರಿಸುವ ಆ್ಯಪ್ ಮೊಬೈಲಿನಲ್ಲಿದ್ದರೆ ಬೇಕರಿ ಎಲ್ಲಿದ್ದರೂ ಪಕ್ಕದಲ್ಲಿದ್ದಂತೆಯೇ.