ಹಳೆಯ ಶೆವೆಲ್‌ಗೆ ಓವರ್‌ಡ್ರೈವ್ ಹಾಕಿಸಬಹುದೇ?

ಪ್ರಶ್ನೆ: ನನ್ನ ಹತ್ತಿರ 1969ರ ಶೆವರ್ಲೆ ಶೆವೆಲ್ ಎಸ್‌ಎಸ್ 396 ಇದೆ. ಕಾರಿನ ಜೊತೆಗೇ ಬಂದ ಮನ್ಸಿ ಎಂ20 ನಾಲ್ಕು ಸ್ಪೀಡ್ ಗೇರ್‌ಬಾಕ್ಸ್, ಹಿಂದಿನ ಆಕ್ಸಲ್ ಅನುಪಾತ 3.73 (ಚಕ್ರದ ಒಂದು ಸುತ್ತಿಗೆ ಗೇರ್‌ಬಾಕ್ಸ್‌ನಿಂದ ಬರುವ ಶಾಫ್ಟ್ 3.73 ಸುತ್ತು). ವುಡ್‌ವರ್ಡ್ ಅವೆನ್ಯೂ ಮೇಲೆ ಓಡಿಸುವಾಗ ತುಂಬಾ ಖುಷಿ. ಫ್ರೀವೇ ಹತ್ತಿದರೆ ಮಾತ್ರ ಇಂಜಿನ್ ಅರಚುತ್ತೆ, ಪಕ್ಕದಲ್ಲಿ ಕೂತವರ ಮಾತೂ ಕೇಳಿಸಲ್ಲ. ಗೇರ್‌ಬಾಕ್ಸ್ ಹಿಂದೆ ಓವರ್‌ಡ್ರೈವ್ ಯೂನಿಟ್ (ಅದೇ ವೇಗದಲ್ಲಿ ಇಂಜಿನ್ ನಿಧಾನ ತಿರುಗುವಂತೆ ಮಾಡುವ ಹೆಚ್ಚುವರಿ ಗೇರ್) ಹಾಕಿಸಿದರೆ ನಾಲ್ಕೂ ಗೇರಿಗೆ ಒಂದೊಂದು ಸೇರಿ ಎಂಟು ಗೇರ್ ಸಿಗುತ್ತೆ ಅಂತಾರೆ. ಹಾಕಿಸಲೇ? ಅಥವಾ ಐದು ಸ್ಪೀಡ್ ಗೇರ್‌ಬಾಕ್ಸ್ ತಗೊಳ್ಳಲೇ?
— ಓದುಗರು, ಟ್ರಾಯ್, ಮಿಷಿಗನ್

ಉತ್ತರ: ಹಾಕಿಸಿ. ಆದರೆ ಎಂಟು ಗೇರ್ ಆಸೆಗೆ ಬೇಡ, ಒಂದೇ ಒಂದು ಗೇರಿಗಾಗಿ ಹಾಕಿಸಿ. ಯಾಕೆ ಅಂತ ಲೆಕ್ಕ ಹಾಕಿ ನೋಡೋಣ.

ಗಂಟೆಗೆ ಎಷ್ಟು ಮೈಲಿ ಅನ್ನೋದನ್ನು ಆಕ್ಸಲ್ ಅನುಪಾತದಿಂದ ಗುಣಿಸಿ. ಅದನ್ನು 336ರಿಂದ (ಮೈಲಿ, ಇಂಚು, ನಿಮಿಷಗಳನ್ನು ಹೊಂದಿಸುವ ಸಂಖ್ಯೆ) ಗುಣಿಸಿ, ಟೈರಿನ ವ್ಯಾಸ ಎಷ್ಟು ಇಂಚು ಇದೆಯೋ ಅಷ್ಟರಿಂದ ಭಾಗಿಸಿ. ಟಾಪ್ ಗೇರ್ 1.00 ಆಗಿದ್ದರೆ ಸಿಗುವ ಉತ್ತರವೇ ಇಂಜಿನ್ ಆರ್‌ಪಿಎಂ, ಅಂದರೆ ನಿಮಿಷಕ್ಕೆ ಎಷ್ಟು ಸುತ್ತು ಅನ್ನೋದು. ನಿಮ್ಮ ಟೈರ್ 26 ಇಂಚು ಅಂತ ಇಟ್ಟುಕೊಂಡರೆ, 70 ಮೈಲಿ ವೇಗದಲ್ಲಿ ಸುಮಾರು 3,370 ಬರುತ್ತದೆ. ಗಂಟೆಗಟ್ಟಲೆ ಹೀಗೆ ಓಡಿಸಿದರೆ ಯಾರಿಗಾದರೂ ಸುಸ್ತಾಗುತ್ತದೆ. ಇಂಥ ಓವರ್‌ಡ್ರೈವ್ ಮಾಡುವ ಗೇರ್ ವೆಂಡರ್ಸ್ ಕಂಪನಿಯ ಯೂನಿಟ್‌ನ ಅನುಪಾತ 0.78. ಅದು ಸೇರಿದ ತಕ್ಷಣ ಅದೇ ವೇಗಕ್ಕೆ ಸುಮಾರು 2,630 ಸಾಕು. ಅಂದರೆ ಹಿಂದೆ 2.91ರ ಆಕ್ಸಲ್ ಇದ್ದ ಹಾಗೆ.

ಹಾಗಾದರೆ ಆಕ್ಸಲ್‌ನ ಕ್ರೌನ್ ಪಿನಿಯನ್ (ಅನುಪಾತ ನಿರ್ಧರಿಸುವ ಗೇರ್ ಜೋಡಿ) ಬದಲಾಯಿಸಿದರೆ ಸಾಲದೇ? ಖರ್ಚೇನೋ ಕಮ್ಮಿ. ಆದರೆ ಪಿಕಪ್ ಹೋಗುತ್ತದೆ. ಎಂ20ಯ ಮೊದಲ ಗೇರ್ 2.52. ಈಗ ಅದನ್ನು 3.73ರಿಂದ ಗುಣಿಸಿದರೆ 9.40 ಆಗುತ್ತದೆ, ಇದು ಹೆಚ್ಚಿದ್ದಷ್ಟೂ ಎಳೆತ ಹೆಚ್ಚು. 2.91ರ ಹತ್ತಿರದ ಆಕ್ಸಲ್ ಹಾಕಿದರೆ ಅದು 7.3ಕ್ಕೆ ಇಳಿಯುತ್ತದೆ. ಸಿಗ್ನಲ್‌ನಲ್ಲಿ ಕ್ಲಚ್ ಬಿಟ್ಟ ಕೂಡಲೇ ಮುಂದಕ್ಕೆ ನುಗ್ಗೋದಕ್ಕೇ ಅಲ್ವಾ ಈ ಕಾರು ಇಟ್ಟುಕೊಂಡಿರೋದು? ಅದನ್ನು ಕಳೆದುಕೊಳ್ಳಬೇಡಿ.

ಈಗ ಎಂಟು ಗೇರ್ ವಿಚಾರ. ಎಂ20ಯ ಗೇರ್‌ಗಳು 2.52, 1.88, 1.46, 1.00. ಎರಡನೇ ಗೇರಿನಲ್ಲಿ ಓವರ್‌ಡ್ರೈವ್ ಹಾಕಿದರೆ 1.88 ಹೋಗಿ 1.47 ಆಗುತ್ತದೆ. ಮೂರನೇ ಗೇರ್ ಇರೋದೇ 1.46! ಮೊದಲನೇದರಲ್ಲಿ ಹಾಕಿದರೆ 1.97, ಅದೂ ಎರಡನೇ ಗೇರಿಗೆ ಅಂಟಿಕೊಂಡ ಹಾಗೇ ಇದೆ. ಮೂರನೇದರಲ್ಲಿ 1.14 ಸಿಗುತ್ತದೆ. ಓವರ್‌ಟೇಕ್ ಮಾಡುವಾಗ ಅದು ನಿಜಕ್ಕೂ ಉಪಯೋಗ, ಯಾಕೆಂದರೆ 1.46ಕ್ಕೂ 1.00ಕ್ಕೂ ನಡುವೆ ದೊಡ್ಡ ಅಂತರ ಇದೆ. ಉಳಿದದ್ದು ಸುಮ್ನೆ ಲಿವರ್ ಆಡಿಸಿದ ಹಾಗೆ. ನೀವು ದುಡ್ಡು ಕೊಡುತ್ತಿರೋದು ನಾಲ್ಕರ ಮೇಲಿನ ಆ ಒಂದು ಗೇರಿಗೆ.

ಯೂನಿಟ್ ಕೂರುವುದು ಗೇರ್‌ಬಾಕ್ಸ್‌ನ ಹಿಂಭಾಗದ ಹೌಸಿಂಗ್ ಬಿಚ್ಚಿದ ಜಾಗದಲ್ಲಿ. ಇದರ ಬೇರು ಇಂಗ್ಲೆಂಡಿನ ಲೇಕಾಕ್ ಓವರ್‌ಡ್ರೈವ್. ಟ್ರಯಂಫ್, ಎಂಜಿಬಿ, ವೋಲ್ವೋ ಕಾರುಗಳಲ್ಲಿ ಬರುತ್ತಿದ್ದದ್ದು ಅದೇ. ಒಳಗೆ ಒಂದು ಪ್ಲಾನೆಟರಿ ಗೇರ್ ಸೆಟ್, ಒಂದು ಕೋನ್ ಕ್ಲಚ್. ಸ್ವಿಚ್ ಒತ್ತಿದರೆ ಸೊಲೆನಾಯ್ಡ್ ಕೆಲಸ ಮಾಡಿ, ಆಯಿಲ್ ಒತ್ತಡ ಕೋನ್ ಕ್ಲಚ್ಚನ್ನು ಎಳೆದು ನಡುವಿನ ಸನ್ ಗೇರನ್ನು ಹಿಡಿದು ನಿಲ್ಲಿಸುತ್ತದೆ. ಆಗ ಹೊರಗಿನ ಶಾಫ್ಟ್ ಒಳಗಿನದಕ್ಕಿಂತ ಬೇಗ ತಿರುಗುತ್ತದೆ. ಒಂದು ಎಚ್ಚರಿಕೆ ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಓವರ್‌ಡ್ರೈವ್ ಆನ್ ಇರುವಾಗ ರಿವರ್ಸ್ ಹಾಕಲೇಬಾರದು, ಒಳಗಿನ ಒನ್‌ವೇ ಕ್ಲಚ್ ಪುಡಿಯಾಗುತ್ತದೆ. ರಿವರ್ಸ್‌ನಲ್ಲಿ ಕರೆಂಟ್ ತಾನಾಗೇ ಕಟ್ ಆಗುವ ಹಾಗೆ ವೈರಿಂಗ್ ಮಾಡಿಸಿ.

ಜನ ಮರೆಯೋದು ಡ್ರೈವ್‌ಶಾಫ್ಟ್, ಅಂದರೆ ಗೇರ್‌ಬಾಕ್ಸ್‌ನಿಂದ ಹಿಂದಿನ ಆಕ್ಸಲ್‌ಗೆ ಶಕ್ತಿ ಒಯ್ಯುವ ಉದ್ದನೆಯ ಶಾಫ್ಟ್. ಯೂನಿಟ್ ಹಾಕಿದ ಮೇಲೆ ಮೊದಲಿಗಿಂತ ಗಿಡ್ಡನೆಯದು ಬೇಕೇ ಬೇಕು, ಅದನ್ನು ಬ್ಯಾಲೆನ್ಸ್ ಮಾಡಿಸಲೇಬೇಕು. ಆಕ್ಸಲ್ ಬದಲಾಗಿಲ್ಲ ಅಲ್ವಾ? ಹಾಗಾಗಿ 70 ಮೈಲಿಯಲ್ಲಿ ಇಂಜಿನ್ 2,630ಕ್ಕೆ ಇಳಿದರೂ ಡ್ರೈವ್‌ಶಾಫ್ಟ್ ಮಾತ್ರ ಮೊದಲಿನ 3,370ರಲ್ಲೇ ತಿರುಗುತ್ತದೆ. ಇಷ್ಟು ದಿನ ಇಂಜಿನ್ ಸದ್ದಿನ ಕೆಳಗೆ ಅಡಗಿದ್ದ ನಡುಕ, ಗುಂಯ್ ಅನ್ನೋ ಶಬ್ದ ಆಗ ಚೆನ್ನಾಗಿ ಕೇಳಿಸುತ್ತದೆ. "ಯೂನಿಟ್ ಸರಿ ಇಲ್ಲ" ಅಂತ ದೂರುವ ಮೊದಲು ಯೂನಿವರ್ಸಲ್ ಜಾಯಿಂಟ್‌ಗಳನ್ನೂ ಪಿನಿಯನ್ ಕೋನವನ್ನೂ (ಡ್ರೈವ್‌ಶಾಫ್ಟ್ ಆಕ್ಸಲ್‌ಗೆ ಸೇರುವ ಕಡೆಯ ಕೋನ) ನೋಡಿಸಿ. ಯೂನಿಟ್ ತರಿಸುವ ಮೊದಲೇ ನೋಡಿಸಿದರೆ ಇನ್ನೂ ಒಳ್ಳೆಯದು.

ಐದು ಸ್ಪೀಡ್ ಕೆಟ್ಟ ಆಯ್ಕೆ ಅಲ್ಲ. ಟ್ರೆಮೆಕ್ ಕಂಪನಿಯ ಐದು ಸ್ಪೀಡ್ ಗೇರ್‌ಬಾಕ್ಸ್ ಟಿಕೆಎಕ್ಸ್‌ನಲ್ಲಿ 0.68ರ ಐದನೇ ಗೇರ್ ತಗೊಂಡರೆ 70 ಮೈಲಿಗೆ ಸುಮಾರು 2,300 ಆರ್‌ಪಿಎಂ. ಗೇರ್ ಬದಲಾವಣೆಯೂ ಮನ್ಸಿಗಿಂತ ನಯ. ಆದರೆ ದೊಡ್ಡ ಕ್ಯಾಮ್ (ಹೆಚ್ಚು ಆರ್‌ಪಿಎಂನಲ್ಲಿ ಶಕ್ತಿ ಸಿಗಲು ವಾಲ್ವ್‌ಗಳನ್ನು ಹೆಚ್ಚು ತೆರೆಯುವ ಶಾಫ್ಟ್) ಹಾಕಿದ ಇಂಜಿನ್ ಅಷ್ಟು ಕೆಳಗೆ ಮುಗ್ಗರಿಸುತ್ತದೆ. ಅಂಥ ಇಂಜಿನ್ನಿಗೆ 0.78 ಅಥವಾ ಟಿಕೆಎಕ್ಸ್‌ನಲ್ಲೇ ಸಿಗುವ 0.81 ವಾಸಿ. ನಿಮ್ಮ ವಿಷಯದಲ್ಲಿ ನನ್ನ ಒಲವು ಓವರ್‌ಡ್ರೈವ್ ಕಡೆಗೇ. ನಿಮ್ಮ ಮನ್ಸಿ ಕಾರಿನ ಜೊತೆ ಹುಟ್ಟಿದ್ದು. ಅದರ ಮೈಮೇಲೆ ಕಾರಿನ ತಯಾರಿಕಾ ಗುರುತಿನ ಸಂಖ್ಯೆಯ (ವಿಐಎನ್) ಒಂದು ಭಾಗ ಒತ್ತಿರುತ್ತದೆ, ಕಾರಿನ ಬೆಲೆಯೂ ಅದರ ಮೇಲೆ ನಿಂತಿದೆ. ಯೂನಿಟ್ ಹಾಕಿಸಿದರೆ ಅದು ಕಾರಿನಲ್ಲೇ ಉಳಿಯುತ್ತದೆ. ಬಿಚ್ಚಿದ ಹಿಂಭಾಗದ ಹೌಸಿಂಗನ್ನು ಎಣ್ಣೆ ಬಟ್ಟೆಯಲ್ಲಿ ಸುತ್ತಿ ಎತ್ತಿಡಿ. ಹಳೆಯ ಡ್ರೈವ್‌ಶಾಫ್ಟನ್ನೂ ಕತ್ತರಿಸಬೇಡಿ, ಇನ್ನೊಂದನ್ನು ಮಾಡಿಸಿ.

ಪೆಟ್ರೋಲ್ ಉಳಿತಾಯಕ್ಕೆ ಅಂತ ಮಾತ್ರ ಹಾಕಿಸಬೇಡಿ. ಇಂಜಿನ್ 22 ಶೇಕಡಾ ಕಮ್ಮಿ ತಿರುಗಿದರೂ ಗಾಳಿಯ ತಡೆ ಅಷ್ಟೇ ಇರುತ್ತದೆ. ಉಳಿಯುವುದು ಅದಕ್ಕಿಂತ ಕಡಿಮೆ.

ಪ್ರಶ್ನೆ: ನನ್ನದು 1970ರ ಬ್ಯೂಯಿಕ್ ಜಿಎಸ್ 455, ಟರ್ಬೋ 400 ಆಟೋಮ್ಯಾಟಿಕ್. ನನಗೂ ಇದೇ ಉತ್ತರವೇ?
— ಓದುಗರು, ನ್ಯೂಜೆರ್ಸಿ

ಉತ್ತರ: ನಿಮಗೆ ಇನ್ನೂ ಜಾಸ್ತಿ ಲಾಭ. ಟರ್ಬೋ 400ರ ಗೇರ್‌ಗಳು 2.48, 1.48, 1.00. ನಡುವೆ ಓವರ್‌ಡ್ರೈವ್ ಸೇರಿಸಿದರೆ 2.48, 1.93, 1.48, 1.15, 1.00, 0.78. ಮೆಟ್ಟಿಲುಗಳು ಒಂದರ ಮೇಲೊಂದು ಬೀಳುವುದಿಲ್ಲ, ಆರೂ ಉಪಯೋಗಕ್ಕೆ ಬರುತ್ತವೆ. ನಾಲ್ಕು ಸ್ಪೀಡ್ ಆಟೋಮ್ಯಾಟಿಕ್ 700ಆರ್4 ಹಾಕಿಸಿ ಅಂತ ಯಾರಾದರೂ ಹೇಳಿದರೆ ಒಂದು ಕ್ಷಣ ಯೋಚಿಸಿ. 455ರ ಟಾರ್ಕ್ 510 ಪೌಂಡ್-ಅಡಿ. ಅಷ್ಟನ್ನು ತಡೆಯಲು ಆ ಗೇರ್‌ಬಾಕ್ಸ್ ಒಳಗೆ ತುಂಬಾ ಕೆಲಸ ಮಾಡಿಸಬೇಕಾಗುತ್ತದೆ. ನಿಮ್ಮ ಟರ್ಬೋ 400 ಈಗಾಗಲೇ ಅದನ್ನು ತಡೆದುಕೊಂಡಿದೆ. ಆಕ್ಸಲ್ ಅನುಪಾತ ಎಷ್ಟು ಅಂತ ಬರೆಯಿರಿ. 3.0ಕ್ಕಿಂತ ಕಮ್ಮಿ ಇದ್ದರೆ ಯೂನಿಟ್‌ಗೆ ದುಡ್ಡು ಹಾಕುವ ಅಗತ್ಯವೇ ಇಲ್ಲದಿರಬಹುದು.